ವಾರ್ತೆಗಳು, ಓದುತ್ತಿರುವವರು ಅಲಿಯಬ್ಬ

ನನ್ನಂಥ ಧ್ವನಿ ಇಲ್ಲದೆ ಆಕಾಶವಾಣಿ ಇಷ್ಟು ವರ್ಷ ಹೇಗೋ ದಿನ ತಳ್ಳಿತು, ಇನ್ನು ಅದನ್ನು ಕಾಯಿಸುವುದು ಧರ್ಮವಲ್ಲ ಎಂದು 1984ರ ಒಂದು ಗುರುವಾರ ನಾನು ತೀರ್ಮಾನಿಸಿದೆ. ವಾರ್ತಾವಾಚಕನಾಗಲು ಬೇಕಾದದ್ದೆಲ್ಲ ನನ್ನಲ್ಲಿತ್ತು. ಉಡುಪಿಯಲ್ಲಿ ಒಂದು ಬಸ್ ಕಂಪೆನಿಯ ಬುಕಿಂಗ್ ಆಫೀಸಿನಲ್ಲಿ ನಾನು ಗುಮಾಸ್ತ. ಊರುಗಳ ಹೆಸರು ಕೂಗುವುದು ನನ್ನ ಕೆಲಸವಲ್ಲ, ಆದರೂ ನಾನೇ ಕೂಗುತ್ತಿದ್ದೆ. ನಾನು ‘ಪೆರ್ಡೂರು’ ಎಂದರೆ ಕಾರ್ಕಳಕ್ಕೆ ಹೋಗಬೇಕಾದವರೂ ಪೆರ್ಡೂರಿನ ಬಸ್ಸು ಹತ್ತಿ ಕುಳಿತುಬಿಡಬೇಕು, ಅಂಥ ಸ್ವರ. ಇಬ್ಬರು ಹಾಗೆ ಕುಳಿತೂ ಇದ್ದರು. ಆಮೇಲೆ ಜಗಳವಾಯಿತು, ಅದು ಬೇರೆ ವಿಷಯ.

ಆ ದಿನ ರಜೆ ಹಾಕಿ ಕಾಪುವಿನ ಮನೆಯಲ್ಲೇ ಉಳಿದೆ. ಹೆಂಡತಿ ಜುಬೈದಾ ಪಕ್ಕದ ಚಂಪಕ್ಕನ ಮನೆಗೆ ಹೋಗಿದ್ದಳು. ಜುಬೈದಾಳ ತಮ್ಮ ಬೀರಾನ್ ಶಾರ್ಜಾದಿಂದ ತಂದುಕೊಟ್ಟಿದ್ದ, ರೇಡಿಯೋ ಟೇಪ್ ಎರಡೂ ಇರುವ ಟೂ-ಇನ್-ಒನ್ ಮೇಜಿನ ಮೇಲಿತ್ತು. ಅದರೊಳಗೆ ಹೆಸರು ಬರೆಯದ ಒಂದು ಕ್ಯಾಸೆಟ್. ಖಾಲಿ ಕ್ಯಾಸೆಟ್ ಒಂದನ್ನು ನಾನು ಹಿಂದಿನ ವಾರ ತಂದಿಟ್ಟಿದ್ದೆ, ಅದೇ ಇದು ಎಂದುಕೊಂಡೆ. ಬಾಗಿಲು ಹಾಕಿ, ಗಂಟಲು ಸರಿಮಾಡಿ, ಕೆಂಪು ಗುಂಡಿ ಒತ್ತಿದೆ.

“ವಾರ್ತೆಗಳು. ಓದುತ್ತಿರುವವರು ಕೆ. ಅಲಿಯಬ್ಬ.”

ಪತ್ರಿಕೆಯ ಮೊದಲ ಪುಟದಿಂದ ಶುರುಮಾಡಿ ಅಡಿಕೆ ಧಾರಣೆಯವರೆಗೆ ಇಪ್ಪತ್ತೆರಡು ನಿಮಿಷ ಓದಿದೆ. ಆಮೇಲೆ ಕ್ಯಾಸೆಟ್ ಹಿಂದಕ್ಕೆ ಸುತ್ತಿ, ಕಣ್ಣು ಮುಚ್ಚಿ, ನನ್ನ ವಾರ್ತೆಯನ್ನು ನಾನೇ ಕೇಳಿದೆ. ಎಲ್ಲಿಯೂ ಕುಂದಿಲ್ಲ. “ಇಲ್ಲಿಗೆ ವಾರ್ತಾಪ್ರಸಾರ ಮುಗಿಯಿತು” ಎಂದು ನನ್ನ ಧ್ವನಿ ಗಂಭೀರವಾಗಿ ನಿಂತಿತು. ಟಕ್ ಎಂಬ ಸದ್ದು. ಅದರ ಬೆನ್ನಿಗೇ ಇನ್ನೊಂದು ಧ್ವನಿ ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿತು:

“...ಅದಕ್ಕೇ ಉಮ್ಮ, ಈ ವಿಷಯ ಭಾವನಿಗೆ ಮಾತ್ರ ಗೊತ್ತಾಗಬಾರದು.”

ಬೀರಾನನ ಧ್ವನಿ. ಅವನಿಗೆ ಇರುವ ಭಾವ ನಾನೊಬ್ಬನೇ.

ಆಗ ನೆನಪಾಯಿತು. ಶಾರ್ಜಾದಿಂದ ರಜೆಯಲ್ಲಿ ಬಂದ ಯಾರೋ ಬೀರಾನನ ಮಾತು ತುಂಬಿದ ಕ್ಯಾಸೆಟ್ ಕೊಟ್ಟುಹೋಗಿದ್ದಾರೆ ಎಂದು ಜುಬೈದಾ ಹೇಳಿದ್ದಳು. ಎರ್ಮಾಳಿನಿಂದ ಅವಳ ಉಮ್ಮ, ನನ್ನ ಅತ್ತೆ ಆಮಿನಮ್ಮ, ಭಾನುವಾರ ಬರುತ್ತಾರೆ; ತಾನು ಬರುವವರೆಗೆ ಯಾರೂ ಅದನ್ನು ಕೇಳಬಾರದೆಂದು ಅವರ ಕಟ್ಟಪ್ಪಣೆ. ಅವರು ಮಗನ ಮುಖ ನೋಡಿ ಮೂರು ವರ್ಷವಾಗಿತ್ತು. ಓದಲು ಬಾರದ ಹೆಂಗಸು. ಕಾಗದ ಬಂದರೆ ಬೇರೆಯವರ ಬಾಯಿಯಲ್ಲಿ ಕೇಳಬೇಕು. ಅದಕ್ಕಾಗಿಯೇ ಅವನು ಅರ್ಧ ಗಂಟೆ ಮಾತಾಡಿ ಕಳುಹಿಸಿದ್ದ. ಆ ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ನಿಮಿಷವನ್ನು ನಾನು ಅಡಿಕೆ ಧಾರಣೆಗೆ ಬಲಿಕೊಟ್ಟಿದ್ದೆ.

ಟೂ-ಇನ್-ಒನ್ ಅನ್ನು ಲುಂಗಿಯಲ್ಲಿ ಸುತ್ತಿಕೊಂಡು, ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಜೋಕಿಮನಲ್ಲಿಗೆ ಓಡಿದೆ.

“ಅಳಿಸಿದ್ದನ್ನು ವಾಪಸು ತರಲಿಕ್ಕೆ ಆಗುತ್ತದಾ ಜೋಕಿಮ್?”

“ಸ್ಲೇಟು ಒರೆಸಿದ ಮೇಲೆ ಅಕ್ಷರ ಹುಡುಕಿದ ಹಾಗಾಯಿತು, ಮಾರಾಯ. ಕ್ಯಾಸೆಟ್ಟಿನ ಹಿಂದೆ ಈ ಸಣ್ಣ ಪ್ಲಾಸ್ಟಿಕ್ ತುಂಡು ಉಂಟಲ್ಲ, ಇದನ್ನು ಮುರಿದಿದ್ದರೆ ಅದರ ಮೇಲೆ ರೆಕಾರ್ಡೇ ಆಗುತ್ತಿರಲಿಲ್ಲ.”

“ಈಗ ಮುರಿದರೆ?”

“ಈಗ ಮುರಿದರೆ ನಿನ್ನ ವಾರ್ತೆ ಭದ್ರವಾಗಿ ಉಳಿಯುತ್ತದೆ.”

ಬೀರಾನನ ಧ್ವನಿಯನ್ನು ನಾನೇ ಅನುಕರಿಸಿದರೆ ಹೇಗೆ ಎಂದೆ. ಜೋಕಿಮ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, “ಹೇಳು ನೋಡುವ” ಎಂದ. ನಾನು ಮೂಗಿನಿಂದ ಸ್ವಲ್ಪ ಸ್ವರ ತೆಗೆದು, “ಉಮ್ಮ, ನಾನು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೇ?” ಎಂದೆ.

“ಬೀರಾನ್ ಮಂತ್ರಿಯಾದ ಹಾಗೆ ಕೇಳುತ್ತದೆ,” ಎಂದ ಜೋಕಿಮ್. “ಸುಮ್ಮನೆ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು.”

ಹೇಳುವ ಧೈರ್ಯ ಬರಲಿಲ್ಲ. ಯಂತ್ರವನ್ನು ಅವನಲ್ಲೇ ಬಿಟ್ಟು ಕ್ಯಾಸೆಟ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದೆ. ಟೂ-ಇನ್-ಒನ್ ಗೊರಗೊರ ಎನ್ನುತ್ತಿತ್ತು, ರಿಪೇರಿಗೆ ಕೊಟ್ಟಿದ್ದೇನೆ, ಸಿಗುವಾಗ ಒಂದು ವಾರ ಆದೀತು ಎಂದು ಜುಬೈದಾಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, “ಸರಿ” ಎಂದಳು. ಅಷ್ಟು ಚಿಕ್ಕ ‘ಸರಿ’ ಅವಳ ಬಾಯಿಂದ ಬಂದದ್ದು ನಾನು ಕೇಳಿದವನಲ್ಲ.

ಅಳಿಸಿದ ಪಾಪ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಕೊರೆಯತೊಡಗಿದ್ದು ಆ ಮಾತು. ನನಗೆ ಗೊತ್ತಾಗಬಾರದ ಆ ವಿಷಯ ಎಂತದು? ಅಳಿಸಿದವನು ನಾನು, ಯಾರನ್ನು ಕೇಳುವುದು? ಬೀರಾನನಿಗೆ ನಾನು ಮಾಡಿದ ಅನ್ಯಾಯಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಅವನು ಕಳುಹಿಸಿದ ಹಸಿರು ಬಟ್ಟೆಯಲ್ಲಿ ಅಂಗಿ ಹೊಲಿಸದೆ ಕಿಟಕಿಯ ಪರದೆ ಮಾಡಿಸಿದ್ದೆ. ಅವನ ಪ್ರತಿ ಕಾಗದಕ್ಕೂ ಎಂಟೆಂಟು ಉಪದೇಶ ಬರೆದಿದ್ದೆ. ಬೊಂಬಾಯಿ ಬಸ್ಸಿಗೆ ಅವನನ್ನು ಹತ್ತಿಸಲು ಹೋದ ದಿನ ಬೆಂಚಿನ ಮೇಲೆ ನಿದ್ದೆ ಹೋಗಿದ್ದೆ. ಬಸ್ಸು ಹೊರಟ ಮೇಲೆ ಎಚ್ಚರವಾಗಿ ಖಾಲಿ ರಸ್ತೆಗೆ ಕೈಬೀಸಿದ್ದೆ. ಇದರಲ್ಲಿ ಯಾವುದು? ಶನಿವಾರ ಆಫೀಸಿನಲ್ಲಿ ಕಲ್ಯಾಣಪುರಕ್ಕೆ ಟಿಕೆಟ್ ಕೇಳಿದವರಿಗೆ ಶಾರ್ಜಾಕ್ಕೆ ಎಷ್ಟು ಜನ ಎಂದು ಕೇಳಿದೆನಂತೆ.

ಭಾನುವಾರ ಬೆಳಿಗ್ಗೆ ಅತ್ತೆ ಬಂದರು. ಪೆಟ್ಟಿಗೆಯಿಂದ ತೆಗೆದು ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟಿದ್ದರು, ಮಗನನ್ನು ಕಣ್ಣಾರೆ ನೋಡಲು ಬಂದವರಂತೆ. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಜುಬೈದಾ ಒಳಗಿನಿಂದ ಒಂದು ಟೇಪ್ ರೆಕಾರ್ಡರ್ ತಂದು ಮೇಜಿನ ಮೇಲಿಟ್ಟಳು.

“ಚಂಪಕ್ಕನ ಮನೆಯಿಂದ ತಂದದ್ದು. ಕ್ಯಾಸೆಟ್ ಕೊಡಿ, ನಿಮ್ಮ ಜೇಬಿನಲ್ಲಿ ಉಂಟಲ್ಲ.”

ಮೂರು ದಿನದಿಂದ ನಾನು ಕೈ ಅಡ್ಡಹಿಡಿದುಕೊಂಡು ತಿರುಗಿದ್ದು ಅವಳಿಗೆ ಕಂಡಿತ್ತು. ಕೊಟ್ಟೆ. ಅತ್ತೆ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಯಂತ್ರದ ಎದುರು ನೆಟ್ಟಗೆ ಕುಳಿತರು. ಅವಳು ಗುಂಡಿ ಒತ್ತಿದಳು.

“ವಾರ್ತೆಗಳು. ಓದುತ್ತಿರುವವರು ಕೆ. ಅಲಿಯಬ್ಬ.”

ಅತ್ತೆಗೆ ಕನ್ನಡ ಅಷ್ಟಕ್ಕಷ್ಟೆ. ಗೌರವದಿಂದ ಕೇಳುತ್ತಾ, “ಅವನ ರೂಮಿನಲ್ಲಿ ರೇಡಿಯೋ ಇಟ್ಟಿದ್ದಾರೆ ಅಂತ ಕಾಣುತ್ತದೆ,” ಎಂದರು. ಸ್ವಲ್ಪ ತಡೆದು, “ಅಲ್ಲಿಯೂ ನಮ್ಮ ಅಳಿಯನ ಹೆಸರಿನವರೇ ಒಬ್ಬರು ಇದ್ದಾರೆ ಅಲ್ವಾ,” ಎಂದರು.

ಜುಬೈದಾ ನನ್ನನ್ನು ನೋಡಿದಳು. ನಾನು ಹಸಿರು ಪರದೆಯನ್ನು ನೋಡಿದೆ. ಲೋಕಸಭೆ ಮುಗಿದು ಹವಾಮಾನ ಬಂತು. ಅತ್ತೆ ತಾಳ್ಮೆಯಿಂದ ಕೇಳಿದರು:

“ಈ ಮನುಷ್ಯ ನಿಲ್ಲಿಸುವುದು ಯಾವಾಗ? ನನ್ನ ಮಗನಿಗೆ ಮಾತಾಡಲಿಕ್ಕೆ ಬಿಡುವುದೇ ಇಲ್ಲವಲ್ಲ.”

ಇನ್ನು ತಡೆಯಲಾಗಲಿಲ್ಲ. “ಅತ್ತೆ, ಆ ಮನುಷ್ಯ ನಾನು,” ಎಂದೆ. ನಡೆದದ್ದೆಲ್ಲ ಹೇಳಿದೆ. ಆಕಾಶವಾಣಿಗೆ ಮೀಸಲಾದ ನನ್ನ ಧ್ವನಿ ಆಗ ಬಾವಿಯೊಳಗಿನ ಕಪ್ಪೆಯಂತೆ ಹೊರಟಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗನ ಮಾತು ಎಷ್ಟು ಉಳಿದಿದೆ ಎಂದಷ್ಟೇ ಕೇಳಿದರು. ಜುಬೈದಾ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿದಳು. ಭಾವನಿಗೆ ಗೊತ್ತಾಗಬಾರದು ಎಂಬಲ್ಲಿಂದ ಶುರುವಾಗಿ, ಅಲ್ಲಿ ಬಂಗುಡೆಗೆ ರುಚಿ ಇಲ್ಲ, ಕೆಲಸ ಮಾಡುವ ಬೇಕರಿಯ ಒಲೆಯ ಸೆಕೆ ಅಭ್ಯಾಸವಾಗಿದೆ, ಉಮ್ಮ ನಿಮ್ಮ ಮಂಡಿನೋವು ಹೇಗುಂಟು ಎನ್ನುವವರೆಗೆ ಎಂಟು ನಿಮಿಷ. ಅತ್ತೆ ಮೂರು ಸಲ ಹಾಕಿಸಿ ಕೇಳಿದರು. ಮಂಡಿನೋವಿನ ಮಾತು ಬಂದಾಗ ಮೂರು ಸಲವೂ “ಈಗ ಕಡಿಮೆ, ಮಗಾ” ಎಂದು ಯಂತ್ರಕ್ಕೆ ಉತ್ತರ ಹೇಳಿದರು.

ಕಡೆಗೆ ಜುಬೈದಾ ಮೆಲ್ಲಗೆ, “ಉಮ್ಮ, ಉಳಿದದ್ದನ್ನು ನಾನು ಹೇಳುತ್ತೇನೆ. ಕ್ಯಾಸೆಟ್ ಬಂದ ದಿನವೇ ಎರಡು ಸಲ ಕೇಳಿದ್ದೆ. ತಡೆಯಲಿಕ್ಕೆ ಆಗಲಿಲ್ಲ,” ಎಂದಳು.

ಅತ್ತೆ ಅವಳಿಗೂ ಬೈಯಲಿಲ್ಲ. ಇಬ್ಬರೂ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ನಗು ಕೇಳಿಸಿತು, ಆಮೇಲೆ ಪಿಸುಮಾತು, ಆಮೇಲೆ ಇನ್ನಷ್ಟು ನಗು. ಬಾಗಿಲು ತೆರೆದ ಕೂಡಲೇ ಕೇಳಿದೆ.

“ನನಗೆ ಗೊತ್ತಾಗಬಾರದ ವಿಷಯ ಎಂತದು?”

“ಅದನ್ನು ನಿಮಗೆ ಹೇಳಬಾರದಂತೆ,” ಎಂದಳು ಜುಬೈದಾ.

ಊಟಕ್ಕೆ ಕುಳಿತಾಗ ಅತ್ತೆಯನ್ನು ಕೇಳಿದೆ. ಅವರು ನನ್ನ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿ, “ತಿನ್ನಿ, ನೀವು ಸೊರಗಿಹೋಗಿದ್ದೀರಿ,” ಎಂದರು. ಆ ಕನಿಕರ ಇನ್ನೂ ಹೆಚ್ಚು ಹೆದರಿಸಿತು.

ಉತ್ತರದ ಕ್ಯಾಸೆಟ್ಟಿನಲ್ಲಿ ಅತ್ತೆ ಒಂದಿಡೀ ಬದಿ ಮಾತಾಡಿದರು. ಕೊನೆಯಲ್ಲಿ ನಾನು ಬೀರಾನನ ಕ್ಷಮೆ ಕೇಳಿ, ನಡೆದದ್ದನ್ನು ಹೇಳಿದೆ. ಎರಡು ತಿಂಗಳ ನಂತರ ಅವನ ಹೊಸ ಕ್ಯಾಸೆಟ್ ಬಂತು. ಈ ಸಲ ಎಲ್ಲರೂ ಒಟ್ಟಿಗೇ ಕುಳಿತು ಕೇಳಿದೆವು. ನನ್ನ ಪಾಲಿಗೆ ಬಂದದ್ದು ಇಷ್ಟು:

“ಭಾವ, ಅಳಿಸಿದ್ದಕ್ಕೆ ಚಿಂತೆ ಬೇಡ. ಹೇಗೂ ಅಕ್ಕ ನಿಮಗೆ ವಿಷಯ ಹೇಳಿಯೇ ಇರುತ್ತಾಳೆ, ಇನ್ನು ಅದನ್ನು ಎತ್ತಿ ಆಡುವುದು ಬೇಡ. ನೀವು ಮಾತ್ರ ಬೇಸರ ಮಾಡಿಕೊಳ್ಳಬೇಡಿ.”

ಬೇಸರ ಮಾಡಿಕೊಳ್ಳಲು ನಾನು ಅಂದಿನಿಂದಲೂ ಸಿದ್ಧನಾಗಿಯೇ ಕುಳಿತಿದ್ದೇನೆ. ಯಾವುದಕ್ಕೆ ಎಂದು ಯಾರಾದರೂ ಹೇಳಬೇಕು, ಅಷ್ಟೆ.