ಹುಳುಮನೆಗೆ ಬಂದ ಸರ್ವರ್

ಕಂಪ್ಯೂಟರಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ನಂಬಿಕೆ ನನಗೆ ಬಹಳ ಕಾಲದಿಂದ ಇತ್ತು. ಶಿಡ್ಲಘಟ್ಟದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾದ ನಾನು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆದು ಪ್ರಿನ್ಸಿಪಾಲರಿಂದಲೇ ಶಹಬ್ಬಾಸ್ ಅನ್ನಿಸಿಕೊಂಡವನು. ಹಾಗಾಗಿ ಗೆಳೆಯರಿಗೆ "ಸರ್ವರ್ ನಮ್ಮನೇಲೇ ಇಡಣ ಬಿಡ್ರೋ" ಎಂದಾಗ ಎದೆಯಲ್ಲಿ ಅಳುಕೆಂಬುದು ಒಂದಿಷ್ಟೂ ಇರಲಿಲ್ಲ.

ಗೆಳೆಯರೆಂದರೆ ಗೌರಿಬಿದನೂರಿನ ಮಂಜ, ಚಿಂತಾಮಣಿಯ ನಾಗರಾಜ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಈಗ ಮೂವರಿಗೂ ಹೊಟ್ಟೆ ಬಂದಿದೆ, ಬುದ್ಧಿಯ ವಿಷಯ ಬೇಡ. ಭಾನುವಾರ ಬಂತೆಂದರೆ ಅವರವರ ಮನೆಯಲ್ಲೇ ಕೂತು, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಊರು ಕಟ್ಟುವ ಒಂದು ಆನ್‌ಲೈನ್ ಆಟ ಆಡುತ್ತೇವೆ. ಆ ಊರು ಯಾರದಾದರೂ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಆ ಕಂಪ್ಯೂಟರು ನಡೆಯುತ್ತಿದ್ದರೆ ಊರುಂಟು, ಆರಿದರೆ ಊರಿಲ್ಲ. ಅದೇ ಸರ್ವರ್. ಬೇರೆಯವರ ಸರ್ವರಿನಲ್ಲಿ ಬಾಡಿಗೆಯವರ ಹಾಗೆ ಎಷ್ಟು ದಿನ ಬದುಕುವುದು ಎಂದು ನಾನೇ ಜಂಬದಿಂದ ಹೊಣೆ ಹೊತ್ತೆ.

ಆಫೀಸಿನಲ್ಲಿ ಮೂಲೆ ಸೇರಿದ್ದಂಥದೇ ಒಂದು ಹಳೆಯ ಕಂಪ್ಯೂಟರು ತಂದು ಮಲಗುವ ಕೋಣೆಯಲ್ಲಿ ಪ್ರತಿಷ್ಠಾಪಿಸಿದೆ. ಮಂಚದ ಪಕ್ಕದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದೆ. ಊರು ಎದ್ದಿತು! ಆದರೆ ನನ್ನ ಹೆಂಡತಿ ಸುಜಾತ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸಿದಳೆಂದರೆ ಊರು ಮಾಯ. ಮಂಜ ಅಟ್ಟದ ಮೆಟ್ಟಿಲು ಹತ್ತುತ್ತಿದ್ದವನು ಅಲ್ಲೇ ಕಲ್ಲಾಗುತ್ತಿದ್ದ. ಮತ್ತೆ ಊರು ಎದ್ದಾಗ ಆಟದಲ್ಲಿ ಅವನು ಸಾಕಿದ್ದ ಕುರಿಗಳು ಇರುತ್ತಿರಲಿಲ್ಲ. ಅವನು ಫೋನು ಮಾಡಿ, "ಲೋ, ನಿಮ್ಮನೇಲಿ ಚಟ್ನಿ ಮಾಡೋದನ್ನ ಮೊದಲೇ ಹೇಳಪ್ಪ, ಕುರಿ ಕಟ್ಟಾಕ್ಕೊಂತೀನಿ" ಎನ್ನುತ್ತಿದ್ದ.

ಇಷ್ಟರಲ್ಲಿ ನಾಗರಾಜ ಆ ಊರಿನಲ್ಲಿ ತೊಟ್ಟಿಮನೆ ಕಟ್ಟಿ ಮುಗಿಸಿ, ಭಾನುವಾರ ಗೃಹಪ್ರವೇಶ ಎಂದು ಸಾರಿಬಿಟ್ಟ. ರಾಹುಕಾಲ ಗುಳಿಕಕಾಲ ಎಲ್ಲ ನೋಡಿ ಮುಹೂರ್ತವನ್ನೂ ಇಟ್ಟ. ಅದೇ ಭಾನುವಾರ ಬೆಳಗಿನಿಂದ ಸಂಜೆವರೆಗೆ ಊರಿಗೆ ಕರೆಂಟಿಲ್ಲ ಎಂದು ಮೆಸೇಜು ಬಂತು. ನಾನು ಹೇಳುತ್ತಿರುವುದು ನಾವು ಉಣ್ಣುವ, ಮಲಗುವ ನಿಜವಾದ ಊರಿಗೆ.

ನಮ್ಮಲ್ಲಿ ಯುಪಿಎಸ್ ಇದ್ದದ್ದು ಒಂದೇ ಕಡೆ, ಹಿತ್ತಲಿನ ಹುಳುಮನೆಯಲ್ಲಿ. ಅದು ಸುಜಾತಳ ರಾಜ್ಯ. ರೇಷ್ಮೆ ಹುಳು ಮೇಯಿಸುವುದರಲ್ಲಿ ಅವಳದು ಪಳಗಿದ ಕೈ. ಆದರೆ ಅಲ್ಲಿಯವರೆಗೆ ಹಳದಿ ಗೂಡಿನ ಹುಳು ಮಾತ್ರ ಮೇಯಿಸಿದ್ದಳು. ಬಿಳಿ ಗೂಡಿನದು ನಾಜೂಕು ಜಾತಿ, ನಿನ್ನ ಕೈಲಿ ಆಗದು ಎಂದು ಪಕ್ಕದ ಮನೆಯ ರತ್ನಮ್ಮ ಊರ ಮುಂದೆಯೇ ಅಂದಿದ್ದರು. ಆ ಮಾತಿಗೇ ಹಠ ಹಿಡಿದು ಸುಜಾತ ಈ ಬೆಳೆಗೆ ಬಿಳಿಯದನ್ನೇ ತಂದಿದ್ದಳು. ಫ್ಯಾನಿಗೆಂದು ಯುಪಿಎಸ್ ಹಾಕಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದಳು. ನಾಲ್ಕನೇ ಜ್ವರ, ಎಂದರೆ ಹುಳು ಕೊನೆಯ ಸಲ ಪೊರೆ ಬಿಡುವುದು, ಮುಗಿದಿತ್ತು. ಇನ್ನೇನು ಹಣ್ಣಾಗಿ ಗೂಡು ಕಟ್ಟುವುದಷ್ಟೇ ಬಾಕಿ.

ಭಾನುವಾರ ಅವಳ ಅಕ್ಕ ವಿದುರಾಶ್ವತ್ಥದಲ್ಲಿ ನಾಗರಪ್ರತಿಷ್ಠೆ ಇಟ್ಟುಕೊಂಡಿದ್ದಳು. ಸುಜಾತ ಹೋಗಲೇಬೇಕಿತ್ತು. ಹೋಗುವಾಗ ನನಗೆ, ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪು ಹಾಕಿ, ಗೋಣಿ ನೆನೆಸಿ, ಬೇರೆ ಏನನ್ನೂ ಮುಟ್ಟಬೇಡಿ ಎಂದು ಹೇಳಿದಳು. ಈ ಕೊನೆಯ ಮಾತನ್ನು ಅವಳು ಎರಡು ಸಲ ಹೇಳಿದಳು. ನಾನೂ ಎರಡು ಸಲ ತಲೆಯಾಡಿಸಿದೆ.

ಅವಳ ಬಸ್ಸು ಹೊರಟದ್ದೇ ತಡ, ಸರ್ವರಿನ ಸ್ಥಳಾಂತರ ಕಾರ್ಯ ವಿಧಿವತ್ತಾಗಿ ಆರಂಭವಾಯಿತು. ರೋಗ ಒಳಗೆ ಬರದಂತೆ ಬಾಗಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು, ಕೈಕಾಲು ತೊಳೆದು, ಶುಚಿಯಾಗಿಯೇ ಒಳಗೆ ಹೋದೆ. ಕಂಪ್ಯೂಟರು, ರೂಟರು, ಎಕ್ಸ್‌ಟೆನ್ಷನ್ ಬಾಕ್ಸು ಎಲ್ಲವನ್ನೂ ಇದ್ದ ಹಾಗೇ ಎತ್ತಿ ತಂದು ಯುಪಿಎಸ್ಸಿಗೆ ಸಿಕ್ಕಿಸಿದೆ. ಹುಳುವಿಗೂ ತಂಪು ಬೇಕು, ಸರ್ವರಿಗೂ ತಂಪು ಬೇಕು. ಇಷ್ಟು ಸರಳ ಸತ್ಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒದ್ದೆ ಗೋಣಿಯ ತೇವ ಕಂಪ್ಯೂಟರಿಗೆ ತಾಗೀತೆಂದು ಗೋಣಿ ಬಿಚ್ಚಿದೆ. ಧೂಳು ಬಂದೀತೆಂದು ಕಿಟಕಿ ಮುಚ್ಚಿದೆ. ಅಲ್ಲಲ್ಲಿ ಹಸಿರು, ಕೆಂಪು ದೀಪಗಳು ಮಿನುಗುತ್ತಿದ್ದವು. ನೋಡಲು ಬಹಳ ಚೆನ್ನಾಗಿತ್ತು.

ಗೃಹಪ್ರವೇಶ ಸಾಂಗವಾಗಿ ನಡೆಯಿತು. ಮಂಜ ಕುರಿಗಳ ಸಮೇತ ಬಂದ. ಮಧ್ಯಾಹ್ನ ಸೊಪ್ಪು ಹಾಕಿದೆ. ಹುಳುಗಳು ಬಾಯಿ ಹಾಕಲಿಲ್ಲ. ತಲೆ ಮೇಲೆತ್ತಿ ಆ ಕಡೆ ಈ ಕಡೆ ತೂಗುತ್ತಿದ್ದವು. ನಾನೂ ಹುಳುಮನೆಯಲ್ಲಿ ಆಡಿ ಬೆಳೆದವನೇ. ಹುಳು ಮೇವು ಬಿಟ್ಟು ತಲೆ ಎತ್ತಿತೆಂದರೆ ಹಣ್ಣಾಯಿತು ಎಂದರ್ಥ! ನನ್ನ ಕೈಗುಣಕ್ಕೆ ನಾನೇ ಬೆರಗಾಗಿ ಸುಜಾತಳಿಗೆ ಫೋನು ಮಾಡಿ, "ಹುಳು ಹಣ್ಣಾಗ್ತಿದೆ ಕಣೇ, ಬೇಗ ಬಾ" ಎಂದೆ.

ಅವಳು ಅಲ್ಲಿ ಸಿಕ್ಕವರಿಗೆಲ್ಲ ಹೇಳಿದಳಂತೆ. ಬಿಳಿ ಗೂಡು ಅಂತೆ, ಮೊದಲನೇ ಸಲಕ್ಕೇ ಅಂತೆ ಎಂದು ನೆಂಟರೆಲ್ಲ ಹೊಗಳಿದರಂತೆ. ಹುಳು ಗೂಡು ಕಟ್ಟುವ ಚಂದ್ರಿಕೆಗಳು ನಮ್ಮಲ್ಲಿ ಸಾಲದೇ ಹೋದಾವೆಂದು ಅಕ್ಕನ ಮನೆಗೆ ಹೋಗಿ, ಅವರ ಟೆಂಪೋದಲ್ಲೇ ಅವರ ಚಂದ್ರಿಕೆಗಳನ್ನೂ ಹೇರಿಸಿಕೊಂಡು ಬಂದಳು. ಟೆಂಪೋ ಇಳಿಯುವಾಗ ಅವಳ ಮುಖದಲ್ಲಿದ್ದ ಗೆಲುವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಒಳಗೆ ಬಂದವಳು ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡಳು. ಅದು ಹಸಿರು ನೀರು ಕಕ್ಕಿತು.

"ಇದು ಹಣ್ಣಾಗಿರೋದಲ್ಲ ರೀ" ಎಂದಳು. ಸುತ್ತ ನೋಡಿ, ಮೂಗು ಎಳೆದು, "ಅದೇನು ಕೆಂಪು ಲೈಟು?" ಎಂದು ಕೇಳಿದಳು.

"ಸರ್ವರ್‌ದು" ಎಂದೆ, ಹೆಮ್ಮೆಯಿಂದಲೇ.

ಅವಳು ಹತ್ತಿರ ಹೋಗಿ ಬಗ್ಗಿ ನೋಡಿದಳು. "ಸರ್ವರ್‌ಗೆ ಸೊಳ್ಳೆ ಕಚ್ತಿತ್ತಾ?"

ಎಕ್ಸ್‌ಟೆನ್ಷನ್ ಬಾಕ್ಸಿನ ಕೊನೆಯ ತೂತಿನಲ್ಲಿ, ಮಲಗುವ ಕೋಣೆಯ ಸೊಳ್ಳೆ ಔಷಧಿಯ ಮಿಷನ್ನು ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇತ್ತು. ಬೆಳಗಿನಿಂದ ಹೊಗೆಯಾಡುತ್ತಿತ್ತು, ಮುಚ್ಚಿದ ಕಿಟಕಿಗಳ ನಡುವೆ! ಹುಳುಮನೆಯ ಹತ್ತಿರ ಸೊಳ್ಳೆಬತ್ತಿ ಹಚ್ಚಬಾರದು ಎಂದು ನಮ್ಮ ಕಡೆ ತೊಟ್ಟಿಲ ಮಗುವಿಗೂ ಗೊತ್ತು. ತಿಳಿಯದ್ದು ಏನೂ ಇಲ್ಲದ ನನಗೆ ಅದು ಕಾಣಲಿಲ್ಲ.

ಸುಜಾತ ಬಾಕ್ಸನ್ನೇ ಕಿತ್ತಳು. ನಾಗರಾಜನ ತೊಟ್ಟಿಮನೆ ಅತಿಥಿಗಳ ಸಮೇತ ಹೋಯಿತು. ಅದಕ್ಕೆ ನಾನು ಚಿಂತೆ ಮಾಡಲಿಲ್ಲ, ಆ ಊರನ್ನು ಮತ್ತೆ ಎಬ್ಬಿಸಬಹುದು. ಹುಳುಗಳಲ್ಲಿ ಒಂದೂ ಏಳಲಿಲ್ಲ. ಮರುದಿನ ಬುಟ್ಟಿ ಬುಟ್ಟಿ ಹೊತ್ತು ಇಬ್ಬರೂ ಗುಂಡಿಗೆ ಸುರಿದೆವು. ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ರತ್ನಮ್ಮ ಬಂದರು. ಏನಾಯಿತಮ್ಮಾ ಎಂದು ಕೇಳಿದರು.

"ಸೊಪ್ಪಿಗೆ ಔಷಧಿ ಹೊಡೆದಿದ್ರು ಅನ್ಸುತ್ತೆ ಅಕ್ಕ" ಎಂದಳು ಸುಜಾತ. "ನಾನೇ ಸರಿಯಾಗಿ ನೋಡದೆ ಕೊಯ್ಕೊಂಬಂದೆ."

ರತ್ನಮ್ಮ ನಾನು ಅಂದಿರಲಿಲ್ಲವಾ ಎಂದು ಶುರುಮಾಡಿ, ಸೊಪ್ಪು ಮೂಸಿ ನೋಡುವುದರಿಂದ ಹಿಡಿದು ಎಲ್ಲವನ್ನೂ ಅವಳಿಗೇ ಕಲಿಸತೊಡಗಿದರು. ಅವಳು ಚಿಕ್ಕ ಹುಡುಗಿಯ ಹಾಗೆ ಹೂಂ, ಹೂಂ ಎನ್ನುತ್ತಿದ್ದಳು. ಆಮೇಲೆ ರತ್ನಮ್ಮ ನನ್ನ ಕಡೆ ತಿರುಗಿ, ಪಾಪ, ಆಫೀಸಿಗೆ ಹೋಗೋ ನೀವಾದರೂ ಎಷ್ಟೂಂತ ನೋಡಿಕೊಂಡೀರಿ ಎಂದು ಮರುಗಿದರು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಸುಜಾತ ಲೋಟ ನನ್ನ ಮುಂದಕ್ಕೆ ತಳ್ಳಿ, ಕಾಫಿ ಆರಿಹೋಗುತ್ತೆ ಎಂದಳು. ತೆರೆದ ಬಾಯಿಗೆ ಕಾಫಿ ಹೊಯ್ದುಕೊಂಡೆ.

ಅವರು ಹೋದ ಮೇಲೆ, ಮಾಡಿದ್ದು ನಾನು, ಸುಳ್ಳು ಹೇಳಿ ನೀನ್ಯಾಕೆ ಅವರ ಕೈಲಿ ಅನ್ನಿಸಿಕೊಂಡೆ ಎಂದು ಕೇಳಿದೆ.

"ಸೊಪ್ಪು ನೋಡದೆ ಹಾಕ್ದೋಳು ಅನ್ನಿಸ್ಕೊಂಡ್ರೆ ಮುಂದಿನ ಬೆಳೆಗೆ ಸರಿಹೋಗುತ್ತೆ" ಎಂದಳು. "ಇಂಥ ಗಂಡನ್ನ ಕಟ್ಕೊಂಡೋಳು ಅಂದ್ರೆ, ಅದು ಯಾವ ಬೆಳೆಗೂ ಸರಿಹೋಗಲ್ಲ."

ನಾನು ಎದ್ದು ಹೋಗಿ ಲೋಟ ತೊಳೆದಿಟ್ಟೆ.