ಲಿಫ್ಟ್ ನಿಲ್ಲಿಸಿದ ಅಜ್ಜಿ, ಮಗ್ ಮೇಲಿನ ಮಾಟಗಾತಿ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟದ್ದಕ್ಕೆ ಶಿಕ್ಷೆ ಅನುಭವಿಸಿದ್ದು ಅದನ್ನು ನೋಡಿಕೊಳ್ಳಬೇಕಾದ ನಿವಾಸಿಗಳ ಸಂಘವಲ್ಲ. ನಾಲ್ಕನೇ ಮಹಡಿಯ ಚಿಕ್ಕತಾಯಮ್ಮನವರ ಎರಡು ಮಂಡಿಗಳು. ಇದನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನಾನು ಓದಿದ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ. ಬದಲಿಗೆ ಪ್ರತಿ ಸಂಜೆ ವೃತ್ತಾಕಾರವಾಗಿ ಕುಳಿತು, ಅಂದು ಕಂಡ ಅನ್ಯಾಯವೊಂದನ್ನು ಹೆಸರಿಸಬೇಕಿತ್ತು. ಏನೂ ಕಾಣದ ದಿನ ಇರುವೆಗಳ ಪರವಾಗಿ ಮಾತನಾಡುತ್ತಿದ್ದೆವು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ನಾನು ಲಿಫ್ಟಿಗೆ ಕಾಲಿಟ್ಟೊಡನೆ ನೆರೆಯವರು ಮೊಬೈಲಿನಲ್ಲಿ ಮುಖ ಹುದುಗಿಸುವುದು ಅದಕ್ಕೇ.

ಸಿಂಗಸಂದ್ರದ ನಮ್ಮ ಕಟ್ಟಡ ನಿಂತಿರುವುದೇ ಚಿಕ್ಕತಾಯಮ್ಮನವರ ರಾಗಿ ಹೊಲದ ಮೇಲೆ. ಜಮೀನು ಕೊಟ್ಟದ್ದಕ್ಕೆ ಪಾಲಾಗಿ ಬಂದ ಫ್ಲ್ಯಾಟಿನಲ್ಲಿ ಅವರು ಎರಡು ಬೆಕ್ಕುಗಳೊಡನೆ ಇದ್ದಾರೆ. ಬೆಕ್ಕುಗಳು ಬೇಸ್‌ಮೆಂಟಿಗೆ ಇಳಿಯಕೂಡದೆಂದು ಸಂಘ ಹಿಂದೆಯೇ ನಿಷೇಧ ಹೇರಿತ್ತು. ಆದರೆ ಮಗು ರಚ್ಚೆ ಹಿಡಿದರೆ ಸಾಫ್ಟ್‌ವೇರ್ ತಾಯಂದಿರು ಮುಸ್ಸಂಜೆಗೆ ತಟ್ಟುವುದು ಅವರ ಬಾಗಿಲನ್ನೇ. ಅವರು ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಕಳೆದ ತಿಂಗಳು ಅವರು ಒಳಗಿದ್ದಾಗಲೇ ಲಿಫ್ಟ್ ನಿಂತಿತು. ಕೆಲವು ದಿನ ಬಿಟ್ಟು ಮತ್ತೆ ನಿಂತಿತು. "ದೃಷ್ಟಿ ತೆಗೆಯೋಕೆ ಬರೋರಿಗೆ ಹಾಕೋಕೂ ಬರುತ್ತೆ ಕಣ್ರೀ" ಎಂದು ಯಾರೋ ನಿವಾಸಿಗಳ ವಾಟ್ಸಾಪ್ ಗ್ರೂಪಿನಲ್ಲಿ ಬರೆದರು. ಮರುದಿನ ಲಿಫ್ಟಿನ ಬಾಗಿಲಿಗೆ ಚೀಟಿ: "ನಾಲ್ಕನೇ ಮಹಡಿಯ ಹಿರಿಯರು ಸದ್ಯಕ್ಕೆ ಮೆಟ್ಟಿಲು ಬಳಸಬೇಕಾಗಿ ವಿನಂತಿ." ನಾಲ್ಕನೇ ಮಹಡಿಯಲ್ಲಿ ಹಿರಿಯರೆಂದರೆ ಅವರೊಬ್ಬರೇ.

ನನಗೆ ಇಂಗ್ಲೆಂಡ್ ನೆನಪಾಯಿತು. ಕಚೇರಿಯ ಕೆಲಸಕ್ಕೆಂದು ಅಲ್ಲಿಯ ಸಣ್ಣ ಪಟ್ಟಣವೊಂದರಲ್ಲಿ ಕೆಲಕಾಲ ಇದ್ದೆ. ಶತಮಾನಗಳ ಹಿಂದೆ ಅಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ವಿಚಾರಣೆಗೊಳಪಡಿಸಿ ಗಲ್ಲಿಗೇರಿಸಿದ್ದರು. (ಸುಟ್ಟರೆಂದು ಹೇಳುವವರಿದ್ದಾರೆ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ನೇಣು. ಅನ್ಯಾಯವನ್ನೂ ನಿಖರವಾಗಿ ಹೆಸರಿಸಬೇಕು.) ಇಂದಿನವರು ಅವರನ್ನು ಹೇಗೆ ನೆನೆಯುತ್ತಾರೆಂಬ ಕುತೂಹಲದಿಂದ ಊರೆಲ್ಲ ಅಲೆದೆ. ನೆನಪಿನ ಫಲಕ ಕಾರು ನಿಲ್ಲಿಸುವ ಜಾಗದಲ್ಲಿ, ಕಸದ ಡಬ್ಬಗಳ ಹಿಂದಿತ್ತು. ಪೊರಕೆಯೇರಿದ ಮಾಟಗಾತಿ ಮಾತ್ರ ಎಲ್ಲೆಲ್ಲೂ: ಪಬ್ಬಿನ ಬೋರ್ಡಿನಲ್ಲಿ, ಬಿಸ್ಕತ್ತಿನ ಡಬ್ಬದಲ್ಲಿ, ಫುಟ್ಬಾಲ್ ಹುಡುಗರ ಅಂಗಿಯಲ್ಲಿ. ಊರು ತೋರಿಸಿದ ನಿವೃತ್ತ ಮೇಷ್ಟರು ಹೇಳಿದರು: ಜನ ಮೊದಲು ಔಷಧಿಗೆ ಹೋಗುತ್ತಿದ್ದದ್ದೂ ಅವಳ ಬಳಿಗೇ, ಮಜ್ಜಿಗೆ ಕಡೆದು ಬೆಣ್ಣೆ ಬರದ ದಿನ ದೂರು ಕೊಟ್ಟದ್ದೂ ಅವಳ ಮೇಲೆಯೇ. ನಾನು ಮರುಗಿದೆ. ಮರುಗಿ, ಮಾಟಗಾತಿಯ ಚಿತ್ರವಿದ್ದ ಮಗ್ ಒಂದನ್ನು ಕೊಂಡುಕೊಂಡೆ.

ಸಂಘದ ಸಭೆಗೆ ಆ ಮಗ್ಗನ್ನೇ ಸಾಕ್ಷ್ಯವಾಗಿ ಒಯ್ದೆ. ಕಾರ್ಯದರ್ಶಿ ಗುರುಬಸಪ್ಪನವರು ಹಾವೇರಿ ಕಡೆಯವರು, ಸಜ್ಜನರು. "ನಂಗೇನ್ ನಂಬ್ಕಿ ಇಲ್ರೀ ಮೇಡಂ, ಆದ್ರ ಮಂದಿ ಹೆದ್ರತಾರ" ಎಂದರು. ಇಂಗ್ಲೆಂಡಿನ ನ್ಯಾಯಾಧೀಶರೂ ಮಂದಿಯ ಹೆದರಿಕೆಗೇ ತಲೆಬಾಗಿದ್ದರೆಂದು ಇತಿಹಾಸವನ್ನೆಲ್ಲ ವಿವರಿಸಿದೆ. ಮಗ್ ಕೈಯಿಂದ ಕೈಗೆ ಹೋಯಿತು. ಸಭೆ ಗಂಭೀರವಾಯಿತು, ಮಾತು ನಾಟಿತೆಂದುಕೊಂಡೆ. ಅಷ್ಟರಲ್ಲಿ ಸಾಂಸ್ಕೃತಿಕ ಸಮಿತಿಯ ಶಿಲ್ಪಾ ಎದ್ದು ನಿಂತರು: "ಸಕ್ಕತ್ ಐಡಿಯಾ ಮೇಡಂ! ಈ ಸಲ ಹ್ಯಾಲೊವೀನ್ ದೆವ್ವದ ವೇಷದ ಪಾರ್ಟಿಗೆ ನಮ್ಮ ಅಜ್ಜೀನೇ ಚೀಫ್ ಗೆಸ್ಟ್!" ಚಪ್ಪಾಳೆಯೋ ಚಪ್ಪಾಳೆ. ದೂರಿನಿಂದ ಮಗ್‌ವರೆಗೆ ಬರಲು ಇಂಗ್ಲಿಷರಿಗೆ ಶತಮಾನಗಳು ಹಿಡಿದವು. ನಮಗೆ ಒಂದು ಸಭೆ ಸಾಕಾಯಿತು. ಮೆಕ್ಯಾನಿಕ್ ಬಂದು ಬೇಸ್‌ಮೆಂಟಿನಲ್ಲಿ ಇಲಿ ಕಡಿದ ವೈರ್ ತೋರಿಸಿ ಸರಿಮಾಡಿದ ಮೇಲೂ ಚೀಟಿ ಹಾಗೇ ಉಳಿಯಿತು. ಸನ್ಮಾನವೇ ಆಗಲಿರುವಾಗ ಚೀಟಿಯ ಮಾತೇಕೆ?

ಮೊನ್ನೆ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಚಿಕ್ಕತಾಯಮ್ಮ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದರು. ಮಡಿಲಲ್ಲಿ ಹ್ಯಾಲೊವೀನ್‌ಗೆಂದು ಸಮಿತಿ ಕಳಿಸಿದ ಮಾಟಗಾತಿಯ ಕಪ್ಪು ಚೂಪು ಟೋಪಿ. ನಾನು ಪಕ್ಕದಲ್ಲಿ ಕುಳಿತು ಇಂಗ್ಲೆಂಡಿನದೂ ಮಗ್ಗಿನದೂ ಎಲ್ಲವನ್ನೂ ಹೇಳಿದೆ.

"ಆಯಮ್ಮನ್ನ ನೇಣಾಕಿ, ಈಗ ಲೋಟದ ಮ್ಯಾಲೆ ಬೊಂಬೆ ಬರ್ದವ್ರಾ?"

"ಹೌದಮ್ಮ, ಅದೇ ಅನ್ಯಾಯ."

"ಅಂತಾ ಲೋಟನ ನೀನ್ಯಾಕವ್ವ ತಂದೆ?"

ಅವರು ಟೋಪಿಯನ್ನು ನನ್ನ ತಲೆಗಿಟ್ಟು ಸರಿಮಾಡಿದರು. "ನೀನೇ ಆಕ್ಕೊ ತಾಯಿ. ಬಾಯಿ ಜಾಸ್ತಿ ಇರೋಳು ನೀನು. ನಂಗೆ ಲಿಫ್ಟ್ ಸಾಕು."

ಆದ್ದರಿಂದ, ಮಾನ್ಯ ಗುರುಬಸಪ್ಪನವರೇ, ಸಂಘದ ಪದಾಧಿಕಾರಿಗಳೇ, ಆ ಚೀಟಿಯನ್ನು ಇಂದೇ ನಿಮ್ಮ ಕೈಯಾರೆ ಕಿತ್ತು, "ಲಿಫ್ಟ್ ಕೆಡಿಸಿದ್ದು ಇಲಿ, ಬೆಕ್ಕನ್ನು ತಡೆದದ್ದು ನಾವು" ಎಂದು ಬರೆದು, ಸಹಿ ಮಾಡಿ ಅದೇ ಜಾಗದಲ್ಲಿ ಅಂಟಿಸಿ. ಬಳಿಕ ಚಿಕ್ಕತಾಯಮ್ಮನವರನ್ನು ಕೈಹಿಡಿದು ಲಿಫ್ಟಿನಲ್ಲಿ ಇಳಿಸಿ. ಅಲ್ಲಿಯವರೆಗೆ ಈ ಟೋಪಿ ಹಾಕಿಕೊಂಡೇ ನಾನು ಲಿಫ್ಟಿನಲ್ಲಿ ಓಡಾಡುತ್ತೇನೆ. ಒಳಗಿರುವಷ್ಟು ಹೊತ್ತೂ ಮಾತನಾಡುತ್ತಲೇ ಇರುತ್ತೇನೆ.