ಫೋಟೋ ಇಲ್ಲದ ಎರಡು ಚೀಟಿ

ಶುಕ್ರವಾರ ಬೆಳಿಗ್ಗೆ ನಳಕ್ಕೆ ನೀರು ಬಂದಿತ್ತು. ಮೌನೇಶ್ವರಿ ಮೂರನೆಯ ಕೊಡ ಹಚ್ಚಿ ನಿಂತಿದ್ದಾಗ ಅಡುಗೆಮನೆಯಿಂದ ಅವ್ವ ಕನಕಮ್ಮನ ದನಿ ಬಂತು.

“ಮೌನಿ, ನಿನ್ನ ಹಾಲ್ ಟಿಕೆಟ್ ಚನ್ನಮಲ್ಲಮ್ಮಗ ಕೊಟ್ಟೀನಿ. ಓಣಿ ಹುಡುಗರವೆಲ್ಲಾ ಮುದುಕಿ ನೀರಮಾನ್ವಿ ಯಲ್ಲಮ್ಮನ ಪಾದಕ್ಕ ಮುಟ್ಟಿಸ್ಕೊಂಡು ಬರ್ತಾಳ.”

ಕೊಡ ಉರುಳಿತು. “ಕವರ್ ಸಹಿತ ಕೊಟ್ಟಿಯೇನವ್ವಾ?”

“ಮತ್ತ? ಅಂಗೈಯಾಗ ಹಿಡ್ಕೊಂಡು ಹೋಗಾಕ ಅದೇನು ರೊಟ್ಟಿಯೇನು?”

ಆ ಕವರಿನಲ್ಲಿ ಹಾಲ್ ಟಿಕೆಟ್ಟಿನ ಹಿಂದೆ ಎರಡು ಪಾಸುಗಳಿದ್ದವು. ಅಂದು ಸಂಜೆ ರಾಯಚೂರಿನ ಮೈದಾನದಲ್ಲಿ ದೊಡ್ಡ ಗಾಯಕರ ಲೈವ್ ಕಾರ್ಯಕ್ರಮ. ಅಲ್ಲಿ ಸ್ಪೀಕರ್ ಕಟ್ಟಲು ಬಂದಿದ್ದ ದೇವದುರ್ಗದ ಸೋದರಮಾವನ ಮಗ ಹುಲಿಗೇಶ ಅವನ್ನು ಗುಟ್ಟಾಗಿ ಕೊಟ್ಟಿದ್ದ. ಸೋಮವಾರದಿಂದ ಪಿಯುಸಿ ಪರೀಕ್ಷೆ. ಅವ್ವನಿಗೆ ಹೇಳುವಂತಿರಲಿಲ್ಲ.

ಒಂದು ಪಾಸು ತನಗೆ, ಇನ್ನೊಂದು ಗೆಳತಿ ವೇದಶ್ರೀಗೆ. ಹತ್ತನೇ ತರಗತಿಯವರೆಗೆ ಒಂದೇ ಬೆಂಚು, ಒಂದೇ ಊಟದ ಡಬ್ಬಿ. ಕಾಲೇಜು ಬೇರೆಯಾದ ಮೇಲೆ ವೇದಶ್ರೀಗೆ ಹೊಸ ಗೆಳತಿಯರು ಸಿಕ್ಕರು. ಮೌನೇಶ್ವರಿಗೆ ಯಾರೂ ಸಿಗಲಿಲ್ಲ. ಮೂರು ತಿಂಗಳಿಂದ ಮೊಬೈಲಿನಲ್ಲಿ ಒಂದು ಹೆಬ್ಬೆರಳಿನ ಇಮೋಜಿ ಬಿಟ್ಟು ಮಾತಿಲ್ಲ. ಇದೊಂದು ಸಂಜೆ ಜೊತೆಗೆ ಹೋದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ಅವಳ ಲೆಕ್ಕ. ನಾಲ್ಕು ದಿನದಿಂದ ಮೆಸೇಜು ಬರೆಯುವುದು, ಅಳಿಸುವುದು. ಇನ್ನೂ ಕಳಿಸಿರಲಿಲ್ಲ.

“ನಾನೂ ನೀರಮಾನ್ವಿಗೆ ಹೋಗಿ ಬರ್ತೀನವ್ವಾ!”

ಕನಕಮ್ಮನ ಕಣ್ಣು ತುಂಬಿತು. ನಳದ ಹತ್ತಿರವಿದ್ದ ಪಕ್ಕದ ಮನೆಯ ಮಹಬೂಬೀ, “ನೋಡ್ರಿ, ಭಕ್ತಿ ಅಂದ್ರ ಇದು. ನಮ್ಮವು ಇನ್ನೂ ಮಕ್ಕೊಂಡಾವ!” ಎಂದಳು. ಮೌನೇಶ್ವರಿ ಒದ್ದೆ ಲಂಗದಲ್ಲೇ ಓಡುವುದನ್ನು ಕನಕಮ್ಮ ಫೋಟೋ ತೆಗೆದು, ‘ಮಗಳು ತಾನಾಗಿ ಯಲ್ಲಮ್ಮನ ದರ್ಶನಕ್ಕೆ’ ಎಂದು ಸುತ್ತಲ ಓಣಿಗಳ ವಾಟ್ಸಾಪ್ ಗುಂಪಿಗೆ ಹಾಕಿದಳು.

ಆಧಾರ್ ಕಾರ್ಡು ತೋರಿಸಿ ಮಾನ್ವಿ ಬಸ್ಸು ಹತ್ತಿದ್ದಾಯಿತು. ಬಸ್ಸು ಸಿಕ್ಕಸಿಕ್ಕಲ್ಲಿ ನಿಂತು, ಮದುವೆ ಮನೆಯ ಹಿರಿಯರಂತೆ ಎಲ್ಲರನ್ನೂ ಮಾತಾಡಿಸುತ್ತ ಹೋಯಿತು. ಗುಡಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

“ಚನ್ನಮಲ್ಲಮ್ಮ ಈಗಷ್ಟ ಹೋದ್ಳಲ್ಲವಾ,” ಎಂದ ಪೂಜಾರಿ ಹನುಮಂತ್ರಾಯ. “ನೀ ಯಾಕ ಬಂದಿ?”

ಪಾಸಿನ ಮಾತು ಹೇಳುವುದು ಹೇಗೆ? “ಪರೀಕ್ಷಾ ಅದ ರೀ...” ಎಂದಳು.

“ಎಷ್ಟು ವಿಷಯ?”

“ಆರು.”

“ಹಂಗಾದ್ರ ವಿಷಯಕ್ಕ ಐದು ಸುತ್ತು. ಮೂವತ್ತು ಸುತ್ತು ಹಾಕಿಬಿಡು.”

ಪರೀಕ್ಷೆ ಎಂದ ಮೇಲೆ ಒಲ್ಲೆ ಎನ್ನುವಂತಿರಲಿಲ್ಲ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ, ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತ ಮೂವತ್ತು ಸುತ್ತು ಹಾಕಿದಳು. ಅಷ್ಟರಲ್ಲಿ ಎರಡು ಬಸ್ಸು ಹೋದವು. ಪೂಜಾರಿ ಹಣೆಗೆ ಬಳಿದ ಭಂಡಾರದ ಅರಿಶಿನ ಬೆವರಿಗೆ ಇಳಿದು ಮೂಗೆಲ್ಲ ಹಳದಿಯಾಯಿತು.

ರಾಯಚೂರು ಮುಟ್ಟಿದಾಗ ಸಂಜೆ ಐದೂವರೆ. ಚನ್ನಮಲ್ಲಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

“ಆಯೀ, ನನ್ನ ಹಾಲ್ ಟಿಕೆಟ್?”

“ನಿಮ್ಮವ್ವನ ಕೈಯಾಗ ಕೊಟ್ಟೀನಲ್ಲವಾ. ಪೂಜಾರಿ ಎಲ್ಲಾರವೂ ಕವರಿನಿಂದ ತೆಗದು ಒಂದೇ ತಾಟಿನಾಗ ಹಾಕಿಬಿಟ್ಟ. ನನಗ ಓದಾಕ ಬರೂದಿಲ್ಲ. ಫೋಟೋ ನೋಡಿ, ಮಾರಿ ಗುರ್ತು ಹಿಡದು ಮನಿಮನಿಗೆ ಹಂಚೀನಿ.”

“ಮತ್ತ... ಫೋಟೋ ಇಲ್ಲದವು ಎರಡು?”

“ಹೌದಲೇ, ಎರಡು ಚೀಟಿಗೆ ಮಾರಿನೇ ಇರಲಿಲ್ಲ! ಕಡೀಗೆ ವೇದಶ್ರೀ ಮನಿಗೆ ಹೋದೆ. ಓದಿದ ಹುಡುಗಿ, ಯಾರವು ನೋಡವಾ ಅಂದೆ. ‘ತಾಯಿ ಪ್ರಸಾದ ಆಯೀ, ನನಗ ಇರಲಿ’ ಅಂದು ಕುಣಿದ್ಲು.”

ಮೌನೇಶ್ವರಿಗೆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು. ಬೇರೆ ಯಾರ ಕೈಗೂ ಅಲ್ಲ, ಸೀದಾ ವೇದಶ್ರೀಯ ಕೈಗೇ! ಇನ್ನು ಮೆಸೇಜು ಬರೆಯುವ ಸಂಕಟವೂ ತಪ್ಪಿತು. ಎರಡು ಪಾಸು ಇದ್ದ ಮೇಲೆ ಅವಳು ಇನ್ಯಾರನ್ನು ನೆನೆಸಿಕೊಂಡಾಳು? ಬೊಬ್ಬೆ ಎದ್ದ ಕಾಲಲ್ಲೇ ಮೂರು ಓಣಿ ಓಡಿದಳು.

ವೇದಶ್ರೀಯ ಮನೆ ಮುಂದೆ ಸ್ಕೂಟಿ ಗುರ್ ಎನ್ನುತ್ತಿತ್ತು. ಅದರ ಮೇಲೆ ಅವಳ ಹೊಸ ಗೆಳತಿ ವಿಶಾಖಾ. ಹಿಂದೆ ಹೊಸ ಅಂಗಿ ತೊಟ್ಟು ಏರುತ್ತಿದ್ದ ವೇದಶ್ರೀ ತಿರುಗಿ ನೋಡಿದಳು.

“ಅಯ್ಯ ಮೌನಿ! ಏನಲೇ ಇದು ಮಾರಿ, ಅರಿಷಿಣದ ಡಬ್ಬ್ಯಾಗ ಬಿದ್ದಿದ್ದೇನು? ಕೇಳಿಲ್ಲಿ, ಯಲ್ಲಮ್ಮ ನನಗ ಎರಡು ಪಾಸು ಕಳಿಸ್ಯಾಳ!”

ಮೌನೇಶ್ವರಿ ತೇಕುತ್ತ ನಿಂತಳು.

“ಮೊದಲ ನಿನ್ನ ಕರೀಬೇಕಂತನ ಮಾಡಿದ್ದೆ ನೋಡು. ಆಮ್ಯಾಲ ನಿಮ್ಮವ್ವ ಹಾಕಿದ ಫೋಟೋ ನೋಡಿದೆ. ಪರೀಕ್ಷಾ ಅಂತ ಗುಡಿಗೆ ಓಡೋಕಿ, ಹಾಡು ಕೇಳಾಕ ಎಲ್ಲಿ ಬರ್ತಾಳ ಬಿಡು ಅಂತ ವಿಶಾಖಾಗ ಫೋನ್ ಮಾಡಿದೆ. ಚೊಲೋ ಓದು ಹಾಂ? ನಮ್ಮ ಸಲುವಾಗೂ ಬೇಡ್ಕೊ!”

ಸ್ಕೂಟಿ ಹೊರಟಿತು. ದೂರದ ಮೈದಾನದಲ್ಲಿ ಹುಲಿಗೇಶ ಕಟ್ಟಿದ ಸ್ಪೀಕರುಗಳು ಒಮ್ಮೆ ಗುಡುಗಿ ಸುಮ್ಮನಾದವು. ಮೂಗಿನ ಭಂಡಾರವನ್ನು ತೋಳಿನಿಂದ ಒರೆಸಿಕೊಂಡು ಮೌನೇಶ್ವರಿ ಸ್ಕೂಟಿಯ ಹಿಂದೆ ನಾಲ್ಕು ಹೆಜ್ಜೆ ಓಡಿದಳು. ಓಣಿಯ ಕಿಟಕಿಗಳೆಲ್ಲ ತೆರೆಯುವಷ್ಟು ಜೋರಾಗಿ ಕೂಗಿದಳು:

“ವೇದಾ! ಬರ್ತೀಯೇನು ಅಂತ ಒಂದ್ಸಲ ನನ್ನ ಕೇಳಾಕ ಏನಾಗಿತ್ತಲೇ?”